ಬಿಸಿಗೆ ಬದಲಾಗುವ ಕಬ್ಬಿಣ, ಅದನ್ನು ತೋರಿಸಿಕೊಡುವ ಚಿನ್ನ

ಪ್ಲಸ್ ಟು ರಸಾಯನಶಾಸ್ತ್ರದಲ್ಲಿ ಕೋಆರ್ಡಿನೇಷನ್ ಸಂಯುಕ್ತಗಳ ಪಾಠ ಬಂದಾಗಲೆಲ್ಲ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಹೈ ಸ್ಪಿನ್, ಲೋ ಸ್ಪಿನ್ ಅಂತ ಬಾಯಿಪಾಠ ಮಾಡಿ ಏನು ಉಪಯೋಗ, ಸಾರ್?" ಪೋಷಕರೇ, ಈ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ಅದಕ್ಕೆ ಒಳ್ಳೆಯ ಉತ್ತರವಿದೆ. ವಿಜ್ಞಾನ ಓದದವರೂ ಅದನ್ನು ಮಕ್ಕಳಿಗೆ ಹೇಳಬಹುದು.

ಮೊದಲು ಪಾಠ ಏನು ಹೇಳುತ್ತದೆ ನೋಡಿ. ಕೆಲವು ಸಂಯುಕ್ತಗಳಲ್ಲಿ ನಡುವೆ ಒಂದು ಕಬ್ಬಿಣದ ಅಯಾನು, ಅದರ ಸುತ್ತ 6 ನೈಟ್ರೋಜನ್ ಪರಮಾಣುಗಳು ಇರುತ್ತವೆ. ಆ ಕಬ್ಬಿಣದ ಡಿ ಕಕ್ಷಕಗಳಲ್ಲಿ 6 ಎಲೆಕ್ಟ್ರಾನುಗಳಿವೆ. ತಣ್ಣಗಿರುವಾಗ ಆರೂ ಜೋಡಿ ಜೋಡಿಯಾಗಿ ಇರುತ್ತವೆ, ಆಯಸ್ಕಾಂತ ಸೆಳೆಯುವುದಿಲ್ಲ. ಇದು ಲೋ ಸ್ಪಿನ್. ಬಿಸಿ ಮಾಡಿದರೆ ನಾಲ್ಕು ಒಂಟಿಯಾಗುತ್ತವೆ, ಆಯಸ್ಕಾಂತ ಸೆಳೆಯುತ್ತದೆ. ಇದು ಹೈ ಸ್ಪಿನ್. ಆಗ ಕಬ್ಬಿಣಕ್ಕೂ ನೈಟ್ರೋಜನ್ನಿಗೂ ನಡುವಿನ ಬಂಧ ಸುಮಾರು ಶೇಕಡಾ 10ರಷ್ಟು ಉದ್ದವಾಗಿ ಅಣು ಹಿಗ್ಗುತ್ತದೆ. ತಣಿದರೆ ಮತ್ತೆ ಮೊದಲಿನಂತೆ. ಲೈಟಿನ ಸ್ವಿಚ್ಚಿನ ಹಾಗೆ ಇದಕ್ಕೆ ಎರಡೇ ಸ್ಥಿತಿ. ಕಬ್ಬಿಣದ ಸಂಯುಕ್ತಗಳ ಇಂಥ ವಿಚಿತ್ರ ಕಾಂತಗುಣವನ್ನು 1931ರಲ್ಲಿ ಇಟಲಿಯ ಲುಯಿಜಿ ಕಾಂಬಿ ಮತ್ತು ಸಂಗಡಿಗರು ಗಮನಿಸಿದರು.

ಉಪಕರಣದಲ್ಲಿ ಬಳಸಲು ಪುಡಿ ಸಾಲದು, ತೆಳುವಾದ ಪದರ ಬೇಕು. ಫ್ರಾನ್ಸಿನ ಟುಲೂಸ್ ನಗರದ ವಿಜ್ಞಾನಿಗಳು ಇಂಥ ಒಂದು ಕಬ್ಬಿಣದ ಸಂಯುಕ್ತವನ್ನು ನಿರ್ವಾತದಲ್ಲಿ ಆವಿ ಮಾಡಿ ಪದರವಾಗಿ ಕೂರಿಸಿದ್ದಾರೆ. ಅದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬದಲಾಗುತ್ತದೆ. 1 ಕೋಟಿಗೂ ಹೆಚ್ಚು ಸಲ ಬದಲಾಯಿಸಿದರೂ ಪದರ ಕೆಡಲಿಲ್ಲ ಎಂದು 2020ರಲ್ಲಿ ಪ್ರಕಟಿಸಿದರು.

ಆದರೆ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ಪದರದಲ್ಲಿರುವ ವಸ್ತು ತೀರಾ ಕಡಿಮೆ. ನಮ್ಮ ತಲೆಗೂದಲೇ ಹತ್ತಾರು ಸಾವಿರ ನ್ಯಾನೋಮೀಟರ್ ದಪ್ಪ! ಅಷ್ಟು ತೆಳುವಾದ ಪದರದಲ್ಲಿ ಸ್ವಿಚ್ ಬಿದ್ದಿತೋ ಇಲ್ಲವೋ ತಿಳಿಯುವುದು ಹೇಗೆ?

ಇಲ್ಲಿ ಚಿನ್ನ ನೆರವಿಗೆ ಬರುತ್ತದೆ. ಚಿನ್ನವನ್ನು ಅತಿ ಸಣ್ಣ ಕಣಗಳಾಗಿಸಿ ನೀರಿನಲ್ಲಿ ಬೆರೆಸಿದರೆ ಅದು ಹಳದಿಯಾಗಿ ಕಾಣದೆ ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲಿ ಇದನ್ನು ವಿವರಿಸಿದ್ದರು. ಬೆಳಕು ಬಿದ್ದಾಗ ಕಣದ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ತೂಗಾಡುತ್ತವೆ. ಇದಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಯಾವ ಬಣ್ಣದ ಬೆಳಕಿಗೆ ಹೆಚ್ಚು ತೂಗುತ್ತವೆ ಎಂಬುದು ಕಣದ ಗಾತ್ರ, ಆಕಾರ ಮತ್ತು ಅದರ ಸುತ್ತಲಿನ ವಸ್ತುವನ್ನು ಅವಲಂಬಿಸಿದೆ. ಕಣದ ಮೇಲೆ ಕಬ್ಬಿಣದ ಪದರವಿದ್ದು ಅದರ ಅಣುಗಳು ಹಿಗ್ಗಿದರೆ, ಪದರದ ವಕ್ರೀಭವನಾಂಕ ಇಳಿಯುತ್ತದೆ. ಚಿನ್ನ ಹೀರುವ ಬಣ್ಣ ನೀಲಿಯ ಕಡೆಗೆ ತುಸು ಸರಿಯುತ್ತದೆ. ಕಣ್ಣಿಗೆ ಕಾಣದ ಈ ಸರಿತವನ್ನು ಉಪಕರಣ ಹಿಡಿಯುತ್ತದೆ. ಜೊತೆಗೆ, ಬೆಳಕು ಹೀರಿದ ಚಿನ್ನ ಬಿಸಿಯಾಗುವುದರಿಂದ ಬೆಳಕಿನಿಂದಲೇ ಸ್ವಿಚ್ ಹಾಕಲೂ ಬರುತ್ತದೆ.

ಇದೆಲ್ಲ ಇನ್ನೂ ಪ್ರಯೋಗಾಲಯದ ಕೆಲಸ. ಆದರೂ ಸೂಕ್ಷ್ಮ ವಿದ್ಯುತ್ ತಂತಿಯ ಮೇಲೆ ಎಲ್ಲಿ ಎಷ್ಟು ಬಿಸಿ ಇದೆ ಎಂದು ಇಂಥ ಪದರದಿಂದ ಅಳೆದು ತೋರಿಸಿದ್ದಾರೆ. ಮೊಬೈಲಿನ ಚಿಪ್ ಬಿಸಿಯಾಗುವುದನ್ನು ಕಂಡ ಮಗುವಿಗೆ ಇದರ ಬೆಲೆ ತಿಳಿಯುತ್ತದೆ.

ಇಂದು ಸಂಜೆ ಮಗುವಿಗೆ 6 ಹುಣಸೆಬೀಜ ಕೊಡಿ. ಕೆಳಗೆ ಮೂರು, ಮೇಲೆ ಎರಡು ಮನೆ ಬರೆಯಲಿ. ಒಂದು ಮನೆಯಲ್ಲಿ ಎರಡಕ್ಕಿಂತ ಹೆಚ್ಚು ಬೀಜ ಇಡಬಾರದು. ಮೊದಲು ಆರನ್ನೂ ಕೆಳಗಿನ ಮನೆಗಳಲ್ಲೇ ಜೋಡಿಸಲಿ: ಒಂಟಿ ಒಂದೂ ಇಲ್ಲ. ಆಮೇಲೆ ಐದು ಮನೆಗೂ ಒಂದೊಂದು ಇಟ್ಟು, ಉಳಿದದ್ದನ್ನು ಕೆಳಗಿನ ಒಂದು ಮನೆಗೆ ಸೇರಿಸಲಿ. ಒಂಟಿ ಬೀಜ ಎಷ್ಟು ಎಂದು ಕೇಳಿ. ನಾಲ್ಕು ಎಂದರೆ, ಪಾಠ ಬಾಯಿಗಲ್ಲ, ತಲೆಗೆ ಹೋಗಿದೆ.