ಕಾಯುವವನ ಆಟ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಮೊದಲಾದ ಊರುಗಳ ಬಯಲುಗಳಲ್ಲಿ ಕಬಡ್ಡಿಯಾಡದೆ ಬೆಳೆದ ಹುಡುಗರು ವಿರಳ. ಆ ಆಟದಲ್ಲಿ ದಾಳಿಗೆ ಹೋಗಿ ಎದುರಾಳಿಯನ್ನು ಮುಟ್ಟಿ ಬಂದವನಿಗೆ ಅಂಕ ದೊರೆಯುತ್ತದೆ. ದಾಳಿಗೆ ಬಂದವನ ಕಾಲು ಹಿಡಿದು ನಿಲ್ಲಿಸಿದವನಿಗೂ ಅಂಕ ದೊರೆಯುತ್ತದೆ. ಕಾಲ್ಚೆಂಡಾಟದ ನ್ಯಾಯವೇ ಬೇರೆ. ಎದುರಾಳಿಗಳ ಹತ್ತು ದಾಳಿಗಳನ್ನು ತಡೆದರೂ ರಕ್ಷಣಾ ಆಟಗಾರನ ಲೆಕ್ಕಕ್ಕೆ ಒಂದು ಗೋಲೂ ಸೇರುವುದಿಲ್ಲ. ಹನ್ನೊಂದನೆಯ ಸಲ ಅವನು ಎಡವಿದರೆ, ಆ ಎಡವುವಿಕೆಯೊಂದೇ ನೋಡುವವರ ನೆನಪಿನಲ್ಲಿ ಉಳಿಯುತ್ತದೆ.

ನಮ್ಮ ನಾಡಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಿಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದನು. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುತಿ ದೇವಾಲಯದ ಗೋಡೆಯ ಮೇಲೆ, ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿಯು ಈ ವಿಜಯವನ್ನು ಶಾಸನವಾಗಿ ನಿಲ್ಲಿಸಿದನು. ಆದರೆ ಕೆಲವೇ ವರ್ಷಗಳಲ್ಲಿ, 642ರ ಸುಮಾರಿಗೆ, ಪಲ್ಲವ ನರಸಿಂಹವರ್ಮನ ಸೇನೆಯು ಬಾದಾಮಿಯನ್ನೇ ಹಿಡಿಯಿತು. ಕಾಯುವ ಕೆಲಸಕ್ಕೆ ಬಿಡುವೆಂಬುದಿಲ್ಲ. ನಿನ್ನೆ ಕಾದುದು ಇಂದಿನ ಲೆಕ್ಕಕ್ಕೆ ಬರುವುದಿಲ್ಲ.

ಕಾಲ್ಚೆಂಡಾಟದ ಒಂದು ತಂಡದಲ್ಲಿ ಹನ್ನೊಂದು ಮಂದಿ ಆಟಗಾರರು. ಅವರಲ್ಲಿ ಒಬ್ಬನು ಗೋಲುರಕ್ಷಕ. ಅವನ ಮುಂದೆ ಸಾಮಾನ್ಯವಾಗಿ ನಾಲ್ವರು ರಕ್ಷಣಾ ಆಟಗಾರರು ನಿಲ್ಲುತ್ತಾರೆ: ಇಬ್ಬರು ನಡುವೆ, ಒಬ್ಬನು ಎಡಬದಿಗೆ, ಇನ್ನೊಬ್ಬನು ಬಲಬದಿಗೆ. ಅವರ ಬೆನ್ನಿಗಿರುವ ಗೋಲುಪೆಟ್ಟಿಗೆಯ ಅಗಲ 7.32 ಮೀಟರು, ಎತ್ತರ 2.44 ಮೀಟರು. ಗೋಲಿನ ಮುಂದಿನ 16.5 ಮೀಟರು ಆಳದ ಆವರಣದಲ್ಲಿ ಅವರಲ್ಲೊಬ್ಬನು ಎದುರಾಳಿಯನ್ನು ಅಕ್ರಮವಾಗಿ ಕೆಡವಿದರೆ, ಕೇವಲ 11 ಮೀಟರು ದೂರದಿಂದ ಗೋಲಿಗೆ ಒದೆಯುವ ಅವಕಾಶ ಎದುರಾಳಿಗಳಿಗೆ ಸಿಗುತ್ತದೆ. ಆದ್ದರಿಂದ ರಕ್ಷಣಾ ಆಟಗಾರನಿಗೆ ದೇಹಬಲಕ್ಕಿಂತ ಮಿಗಿಲಾಗಿ ಬೇಕಾದುದು ಸಂಯಮ. ಯಾವಾಗ ಚೆಂಡಿಗೆ ಕಾಲು ಹಾಕಬೇಕು, ಯಾವಾಗ ಹಾಕದೆ ಹಿಂದೆ ಸರಿಯಬೇಕು ಎಂಬುದನ್ನು ಅವನು ಕ್ಷಣಾರ್ಧದಲ್ಲಿ ನಿರ್ಣಯಿಸಬೇಕು.

ಈ ನಾಲ್ವರು ಬಿಡಿಬಿಡಿಯಾಗಿ ಆಡಲಾರರು. ಸಹ ಆಟಗಾರನು ಚೆಂಡನ್ನು ಮುಂದಕ್ಕೆ ಕೊಡುವ ಕ್ಷಣದಲ್ಲಿ ದಾಳಿಗಾರನು ಚೆಂಡಿಗಿಂತಲೂ ಎದುರಾಳಿಗಳ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿದ್ದು ಆಟದಲ್ಲಿ ಭಾಗಿಯಾದರೆ ಅದು ‘ಆಫ್‌ಸೈಡ್’ ಎನಿಸುತ್ತದೆ. ಈ ನಿಯಮದ ಪ್ರಯೋಜನ ಪಡೆಯಲು ನಾಲ್ವರು ರಕ್ಷಕರೂ ಒಂದೇ ಸಾಲಾಗಿ ಮುಂದೆ ಸಾಗುತ್ತಾರೆ. ಒಬ್ಬನು ಒಂದು ಹೆಜ್ಜೆ ಹಿಂದುಳಿದರೂ ಸಾಕು, ಉಪಾಯವೆಲ್ಲ ಕೆಡುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಒಂದು ಕೊಂಡಿ ಬಿಟ್ಟರೆ ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ.

ವೃತ್ತಿಪರ ಆಟಗಾರನೆಂದರೆ ಆಟವನ್ನೇ ಜೀವನೋಪಾಯವಾಗಿ ಮಾಡಿಕೊಂಡವನು. ಅವನು ಒಂದು ತಂಡದೊಡನೆ ನಿರ್ದಿಷ್ಟ ಅವಧಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಅವಧಿ ಮುಗಿದ ಮೇಲೆ ಒಪ್ಪಂದವನ್ನು ಮುಂದುವರಿಸಬಹುದು, ಇಲ್ಲವೆ ಬೇರೆ ತಂಡವನ್ನು ಸೇರಬಹುದು. ಈ ಬಾಳಿನ ಏಳುಬೀಳುಗಳಿಗೆ ರಾಹುಲ್ ಭೇಕೆ ಅವರ ಜೀವನ ಒಳ್ಳೆಯ ನಿದರ್ಶನ. 1990ರಲ್ಲಿ ಮುಂಬೈಯಲ್ಲಿ ಜನಿಸಿದ ಅವರು ಮುಂಬೈ ಎಫ್.ಸಿ., ಕೋಲ್ಕತ್ತದ ಈಸ್ಟ್ ಬೆಂಗಾಲ್ ಮುಂತಾದ ತಂಡಗಳಲ್ಲಿ ಆಡಿ, 2017ರಲ್ಲಿ ಬೆಂಗಳೂರು ಎಫ್.ಸಿ. ತಂಡವನ್ನು ಸೇರಿದರು. 2013ರಲ್ಲಿ ಸ್ಥಾಪನೆಯಾದ ಈ ತಂಡವು ಆ ವೇಳೆಗಾಗಲೇ ಎರಡು ಬಾರಿ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತ್ತು.

2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಸುನಿಲ್ ಛೆಟ್ರಿ ಮೊದಲ ಗೋಲು ಹೊಡೆದರೂ, ಬೆಂಗಳೂರು ತಂಡ ಚೆನ್ನೈಯಿನ್ ತಂಡಕ್ಕೆ 2-3ರಿಂದ ಸೋತಿತು. ಚೆನ್ನೈ ತಂಡದ ಮೂರು ಗೋಲುಗಳಲ್ಲಿ ಎರಡನ್ನು ಹೊಡೆದವನು ಮೈಲ್ಸನ್ ಆಲ್ವೆಸ್ ಎಂಬ ರಕ್ಷಣಾ ಆಟಗಾರ. ಎರಡೂ ಮೂಲೆಯೊದೆತದಿಂದ ಬಂದ ಚೆಂಡನ್ನು ತಲೆಯಿಂದ ಹೊಡೆದು ಪಡೆದ ಗೋಲುಗಳು. ತವರಿನ ಪ್ರೇಕ್ಷಕರ ಮುಂದೆ ಉಂಡ ಆ ಸೋಲು ಕಹಿಯಾಗಿತ್ತು.

ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ರಂದು, ಬೆಂಗಳೂರು ತಂಡ ಮತ್ತೆ ಅಂತಿಮ ಪಂದ್ಯಕ್ಕೆ ಬಂದಿತು. ಪಂದ್ಯ ನಡೆದುದು ಮುಂಬೈಯಲ್ಲಿ, ಎದುರಾಳಿ ಗೋವಾ ತಂಡ. ತೊಂಬತ್ತು ನಿಮಿಷಗಳು ಗೋಲಿಲ್ಲದೆ ಕಳೆದು ಹೆಚ್ಚುವರಿ ಆಟ ಆರಂಭವಾಯಿತು. ಅದೂ ಮುಗಿಯಲು ಮೂರೇ ನಿಮಿಷಗಳಿದ್ದವು. 117ನೆಯ ನಿಮಿಷದಲ್ಲಿ ಮೂಲೆಯಿಂದ ಬಂದ ಚೆಂಡಿಗೆ ಭೇಕೆ ತಲೆಯೊಡ್ಡಿದರು. ಅದು ಗೋಲಾಯಿತು. ಹಿಂದಿನ ವರ್ಷ ತಂಡವನ್ನು ಸೋಲಿಸಿದ ಅಸ್ತ್ರವೇ ಈ ಬಾರಿ ಅದನ್ನು ಗೆಲ್ಲಿಸಿತು. ತಾವು ಹುಟ್ಟಿದ ಊರಿನಲ್ಲಿ ಅವರು ಬೆಂಗಳೂರಿಗೆ ಆ ಲೀಗಿನ ಮೊದಲ ಪ್ರಶಸ್ತಿಯನ್ನು ತಂದುಕೊಟ್ಟರು.

2021ರಲ್ಲಿ ಭೇಕೆ ಮುಂಬೈ ಸಿಟಿ ತಂಡಕ್ಕೆ ಹೋದರು. 2022ರ ಏಪ್ರಿಲಿನಲ್ಲಿ ಆ ತಂಡವು ಇರಾಕಿನ ವಾಯುಪಡೆಯ ತಂಡವನ್ನು 2-1ರಿಂದ ಸೋಲಿಸಿತು. ಏಷ್ಯಾದ ಚಾಂಪಿಯನ್ಸ್ ಲೀಗಿನಲ್ಲಿ ಭಾರತೀಯ ತಂಡವೊಂದಕ್ಕೆ ದೊರೆತ ಮೊದಲ ಗೆಲುವು ಅದು; ಗೆಲುವಿನ ಗೋಲು ಭೇಕೆಯವರದೇ. 2016ರ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಎಫ್.ಸಿ. ಸೋತದ್ದೂ ಇದೇ ಇರಾಕಿ ತಂಡಕ್ಕೆ ಎಂಬುದು ಗಮನಾರ್ಹ. 2024ರಲ್ಲಿ ಅವರು ಬೆಂಗಳೂರಿಗೆ ಮರಳಿದರು.

ಈ ಎರಡು ಗೋಲುಗಳು ಭೇಕೆಯವರ ಹೆಸರನ್ನು ನಾಡಿಗೆ ತಿಳಿಸಿದವು ನಿಜ. ಆದರೆ 2019ರ ಆ ಪಂದ್ಯವನ್ನು ಇನ್ನೊಮ್ಮೆ ಯೋಚಿಸೋಣ. 116 ನಿಮಿಷಗಳವರೆಗೆ ಬೆಂಗಳೂರಿನ ಗೋಲನ್ನು ಕಾಯದೆ ಹೋಗಿದ್ದರೆ 117ನೆಯ ನಿಮಿಷದ ಆ ಒಂದು ಗೋಲಿಗೆ ಬೆಲೆಯೆಲ್ಲಿರುತ್ತಿತ್ತು? ಚಪ್ಪಾಳೆ ಬಿದ್ದುದು ಒಂದು ಕ್ಷಣಕ್ಕೆ. ಆ ಕ್ಷಣವನ್ನು ಸಾಧ್ಯವಾಗಿಸಿದ್ದು ಚಪ್ಪಾಳೆಯಿಲ್ಲದ ದುಡಿಮೆ. ಆಟದಲ್ಲಿ ಮಾತ್ರವಲ್ಲ, ಮನೆಯಲ್ಲಿ, ಊರಿನಲ್ಲಿ, ನಾಡಿನಲ್ಲಿ ಕೆಡುಕು ಸಂಭವಿಸದಂತೆ ಕಾಯುವವರು ಅನೇಕರಿದ್ದಾರೆ. ಸಂಭವಿಸದ ಕೆಡುಕು ಕಣ್ಣಿಗೆ ಕಾಣದು. ಆದ್ದರಿಂದ ಅದನ್ನು ತಡೆದವರನ್ನು ಗುರುತಿಸುವ ಹೊಣೆ ನೋಡುವವರ ಮೇಲಿದೆ.