ಐದು ಹ್ಯಾಮ್‌ಸ್ಟರ್ ಮರಿಗಳು ಮತ್ತು ಗುಡ್ಡಕ್ಕೆ ಹೊರಟ ಎತ್ತುಗಳು

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಉಗರಗೋಳದ ದಾರಿಯಲ್ಲಿ ಚಕ್ಕಡಿಗಳ ಸಾಲು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಊರೂರಿನ ಎತ್ತುಗಳು ಒಂದೇ ಬಯಲಲ್ಲಿ ಕೊಳ್ಳ ಹರಿದು ನಿಲ್ಲುತ್ತವೆ, ಒಂದೇ ತೊಟ್ಟಿಗೆ ಬಾಯಿ ಹಾಕುತ್ತವೆ. ಕಾಲುಬಾಯಿ ಬೇನೆಯ ವೈರಸ್ಸಿಗೆ ಬೇಕಾದದ್ದೂ ಇದೇ. ನಾಲಗೆಯ ಮೇಲೆ, ಗೊರಸಿನ ಸಂದಿನಲ್ಲಿ ಬೊಬ್ಬೆ ಏಳುವ ಮೊದಲೇ ರೋಗ ತಗುಲಿದ ಎತ್ತು ವೈರಸ್ ಹರಡತೊಡಗಿರುತ್ತದೆ. 2013ರಲ್ಲಿ ಈ ಬೇನೆ ರಾಜ್ಯದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು.

ಅದನ್ನು ತಡೆಯುವ ಇಂದಿನ ಲಸಿಕೆಯ ಮೂಲ 1961ರ ಮಾರ್ಚ್‌ನಲ್ಲಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಮ್ಯಾಕ್‌ಫರ್ಸನ್ ಮತ್ತು ಮೈಕೆಲ್ ಸ್ಟೋಕರ್ ಎಂಬ ವಿಜ್ಞಾನಿಗಳು ಹುಟ್ಟಿ ಒಂದೇ ದಿನವಾಗಿದ್ದ ಐದು ಹ್ಯಾಮ್‌ಸ್ಟರ್ ಮರಿಗಳ ಮೂತ್ರಪಿಂಡದಿಂದ ಜೀವಕೋಶಗಳನ್ನು ಬಿಡಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಹೀಗೆ ಹೊರತೆಗೆದ ಮಾಮೂಲಿ ಕೋಶಗಳು ಕೆಲಕಾಲ ಇಬ್ಭಾಗವಾಗುತ್ತಾ ಹೋಗಿ ಆಮೇಲೆ ನಿಂತುಬಿಡುತ್ತವೆ. ಮನುಷ್ಯನ ಕೋಶಗಳಿಗೆ ಸುಮಾರು 50 ಸಲ ಮಿತಿ. ಆದರೆ ಹ್ಯಾಮ್‌ಸ್ಟರ್‌ನಂಥ ಇಲಿಯ ಬಳಗದ ಪ್ರಾಣಿಗಳ ಕೋಶಗಳಲ್ಲಿ ಕೆಲವು ತಾವಾಗಿಯೇ ಬದಲಾಗಿ ಆ ಮಿತಿಯನ್ನು ದಾಟಿಬಿಡುತ್ತವೆ. ಗ್ಲಾಸ್ಗೋದಲ್ಲಿ ಆದದ್ದೂ ಅದೇ. 84 ದಿನ ಬೆಳೆಸಿದ ಮೇಲೆ ಒಂದೇ ಒಂದು ಕೋಶವನ್ನು ಬೇರ್ಪಡಿಸಿ ಅದರಿಂದ ಸಂತಾನ ತೆಗೆದರು. ಅದೇ ಬಿಎಚ್‌ಕೆ-21, ಕ್ಲೋನ್ 13. ಆ ಸಂತಾನ ಇಂದಿಗೂ ನಿಂತಿಲ್ಲ.

ಜೀವಂತ ಕೋಶದೊಳಗಲ್ಲದೆ ವೈರಸ್ ಬೆಳೆಯದು. ಈ ಕೋಶಗಳು ಬರುವ ಮೊದಲು ಯುರೋಪಿನಲ್ಲಿ ಕಡಿದ ದನಗಳ ನಾಲಗೆಯ ಚರ್ಮವನ್ನು ಕಸಾಯಿಖಾನೆಯಿಂದ ತಂದು ಅದರಲ್ಲಿ ಕಾಲುಬಾಯಿ ಬೇನೆಯ ವೈರಸ್ ಬೆಳೆಸುತ್ತಿದ್ದರು. 1962ರಲ್ಲಿ ಇಂಗ್ಲೆಂಡಿನ ಪರ್ಬ್ರೈಟ್‌ನ ಸಂಶೋಧಕರು ಹ್ಯಾಮ್‌ಸ್ಟರ್ ಕೋಶದಲ್ಲಿ ಅದು ಹುಲುಸಾಗಿ ಬೆಳೆಯುತ್ತದೆಂದು ತೋರಿಸಿದರು. ಲಸಿಕೆಗೆ ಕಸಾಯಿಖಾನೆಯ ನಾಲಗೆಗಳನ್ನೇ ನೆಚ್ಚಿಕೊಳ್ಳುವ ಅಗತ್ಯ ತಪ್ಪಿತು. ನನ್ನ ಮಟ್ಟಿಗೆ ಈ ಕೋಶಗಳ ದೊಡ್ಡ ಉಪಕಾರ ಇದೇ.

ಸೂಕ್ಷ್ಮದರ್ಶಕದಡಿ ಆರೋಗ್ಯವಂತ ಬಿಎಚ್‌ಕೆ ಕೋಶಗಳು ಕದಿರಿನಂತೆ ಎರಡೂ ತುದಿ ಚೂಪಾಗಿ, ಒಂದರ ಪಕ್ಕ ಒಂದು ಒರಗಿ, ಪಾತ್ರೆಯ ತಳಕ್ಕೆ ಅಂಟಿಕೊಂಡಿರುತ್ತವೆ. ವೈರಸ್ ಹೊಕ್ಕರೆ ಒಂದೇ ದಿನದಲ್ಲಿ ಉರುಟಾಗಿ, ತಳ ಬಿಟ್ಟು, ಒಡೆದು ಹೋಗುತ್ತವೆ. ಕಾರ್ಖಾನೆಯಲ್ಲಿ ಇವನ್ನು ತಳಕ್ಕೆ ಅಂಟಿಸದೆ ದೊಡ್ಡ ಉಕ್ಕಿನ ಪಾತ್ರೆಗಳ ದ್ರವದಲ್ಲಿ ತೇಲಿಬಿಟ್ಟು ಬೆಳೆಸುತ್ತಾರೆ. ಹೊರಬಿದ್ದ ವೈರಸ್ಸನ್ನು ರಾಸಾಯನಿಕದಿಂದ ಕೊಂದು ಲಸಿಕೆ ಮಾಡುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕೇಂದ್ರ ಬಹುಕಾಲದಿಂದ ಈ ಕೆಲಸದಲ್ಲಿದೆ. ನಮ್ಮ ದೇಶದ ಲಸಿಕೆಯಲ್ಲಿ ಒ, ಎ, ಏಷ್ಯಾ-1 ಎಂಬ ಮೂರು ಬಗೆಯ ವೈರಸ್ ಇರುತ್ತವೆ.

ಸಾಯದ ಕೋಶವೆಂದರೆ ಬದಲಾಗದ ಕೋಶವೆಂದಲ್ಲ. ಮನೆಯಲ್ಲಿ ನಿನ್ನೆಯ ಮೊಸರೇ ಇಂದಿನ ಹೆಪ್ಪು; ಪ್ರಯೋಗಾಲಯದಲ್ಲಿ ಹಾಗೆ ಮುಂದುವರಿಸುತ್ತಲೇ ಹೋದರೆ ಕೋಶದ ಗುಣ ಕೆಡುತ್ತದೆ. ಅದಕ್ಕೇ ಮೂಲ ಕೋಶಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು, ಆಗಾಗ ಅಲ್ಲಿಂದಲೇ ಹೊಸದಾಗಿ ಶುರು ಮಾಡುತ್ತಾರೆ. ಇನ್ನೂ ಸೂಕ್ಷ್ಮವಾದ ತೊಡಕು ವೈರಸ್ಸಿನದು. ಹ್ಯಾಮ್‌ಸ್ಟರ್ ಕೋಶಕ್ಕೆ ಒಗ್ಗಿಕೊಳ್ಳುವ ಭರದಲ್ಲಿ ಅದು ತನ್ನ ಹೊರಮೈಯನ್ನೇ ಬದಲಿಸಿಕೊಳ್ಳಬಹುದು. ಆಗ ಲಸಿಕೆಯಲ್ಲಿರುವ ವೈರಸ್ಸೂ ಕೊಟ್ಟಿಗೆಗೆ ಬರುವ ವೈರಸ್ಸೂ ಹೊಂದುವುದಿಲ್ಲ. ಎರಡನ್ನೂ ತಾಳೆ ನೋಡುವ ಕೆಲಸ ನಿಲ್ಲುವಂತೆಯೇ ಇಲ್ಲ.

2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದನ, ಎಮ್ಮೆಗಳಿಗೆ ಈ ಲಸಿಕೆ ಉಚಿತ. ಬಿಸಿ ತಾಗಿದರೆ ವೈರಸ್ಸಿನ ಕಣ ಚೂರಾಗುತ್ತದೆ, ಆ ಚೂರುಗಳಿಂದ ರಕ್ಷಣೆ ಹುಟ್ಟದು. ಆದ್ದರಿಂದ ಲಸಿಕೆ ಹೆಬ್ಬಾಳದಿಂದ ಬರಲಿ, ಬೇರೆಡೆಯಿಂದ ಬರಲಿ, ಸವದತ್ತಿಯ ಕೊಟ್ಟಿಗೆ ಮುಟ್ಟುವವರೆಗೆ 2ರಿಂದ 8 ಡಿಗ್ರಿಯ ತಂಪಿನಲ್ಲೇ ಇರಬೇಕು. ಚುಚ್ಚಿದ ಮೇಲೆ ಮೈಯಲ್ಲಿ ಶಕ್ತಿ ಕೂಡಲು ಎರಡು ಮೂರು ವಾರ ಬೇಕು. ಗುಡ್ಡಕ್ಕೆ ಚಕ್ಕಡಿ ಹೂಡುವ ಮುನ್ನಾದಿನ ಹಾಕಿಸಿದ ಲಸಿಕೆ ಆ ಜಾತ್ರೆಗೆ ಒದಗುವುದಿಲ್ಲ.