ಬಡತನದ ಸುಳಿ

1876ರಲ್ಲಿ ದಾದಾಭಾಯಿ ನವರೋಜಿಯವರು ಮುಂಬಯಿಯ ಒಂದು ಸಭೆಯಲ್ಲಿ ಭಾರತದ ಬಡತನವನ್ನು ಕುರಿತು ಪ್ರಬಂಧವೊಂದನ್ನು ಓದಿದರು. ದೇಶ ಬಡವಾಗಿದೆಯೆಂದು ಮರುಗುವವರು ಆಗಲೂ ಅನೇಕರಿದ್ದರು. ಅದನ್ನು ಅಳೆದು ತೋರಿಸಲು ಹೊರಟವರು ನವರೋಜಿಯವರು. ಸರ್ಕಾರದ ಅಂಕಿ ಅಂಶಗಳನ್ನೇ ಆಧರಿಸಿ, ಬ್ರಿಟಿಷ್ ಭಾರತದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 20 ರೂಪಾಯಿಗಳ ಉತ್ಪನ್ನ ಮಾತ್ರವಿದೆಯೆಂದು ಅವರು ಲೆಕ್ಕ ಹಾಕಿದರು. ಸೆರೆಮನೆಗಳಲ್ಲಿ ಕೈದಿಗಳ ಊಟಕ್ಕೂ ಬಟ್ಟೆಗೂ ಆಗುತ್ತಿದ್ದ ವೆಚ್ಚವನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಕೈದಿಯ ವೆಚ್ಚವೇ ಹೆಚ್ಚಾಗಿತ್ತು! ತಪ್ಪು ಮಾಡಿ ಬಂಧನದಲ್ಲಿರುವವನಿಗೆ ದೊರೆಯುವಷ್ಟೂ ದುಡಿದು ಬಾಳುವವನಿಗೆ ದೊರೆಯದಿದ್ದರೆ ಅದನ್ನು ಬಡತನವೆನ್ನದೆ ಬೇರೇನೆನ್ನಬೇಕು?

ಬಡತನವನ್ನು ಅಳೆಯುವ ಕ್ರಮವು ಇಂದಿಗೂ ಮೂಲತಃ ಇದೇ ಆಗಿದೆ. ಮನುಷ್ಯನು ಬದುಕಲು ಕನಿಷ್ಠವಾಗಿ ಏನು ಬೇಕೆಂಬುದನ್ನು ಮೊದಲು ಗೊತ್ತು ಮಾಡುವುದು; ಅದರ ಬೆಲೆಯನ್ನು ಲೆಕ್ಕ ಹಾಕುವುದು; ಅಷ್ಟನ್ನೂ ವೆಚ್ಚ ಮಾಡಲಾರದವರನ್ನು ಎಣಿಸುವುದು. 1971ರಲ್ಲಿ ದಾಂಡೇಕರ್ ಮತ್ತು ರಥ್ ಎಂಬ ಅರ್ಥಶಾಸ್ತ್ರಜ್ಞರು ದಿನಕ್ಕೆ 2,250 ಕ್ಯಾಲೊರಿಗಳ ಆಹಾರವನ್ನು ಗೆರೆಯಾಗಿ ಹಿಡಿದರು. 1979ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲೊರಿಗಳೆಂದು ನಿಗದಿ ಮಾಡಿತು. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಬಡತನ ತೀರಿತೆ? ಮಗುವಿಗೆ ಜ್ವರ ಬಂದಾಗ ಔಷಧಿಗೆ ಹಣವಿಲ್ಲದವನೂ, ಮಕ್ಕಳನ್ನು ಶಾಲೆಗೆ ಕಳುಹಿಸಲಾರದವನೂ ಬಡವನಲ್ಲವೆ? ಆದುದರಿಂದ 2009ರಲ್ಲಿ ತೆಂಡೂಲ್ಕರ್ ಸಮಿತಿಯು ಕ್ಯಾಲೊರಿಯೊಂದನ್ನೇ ಆಧಾರವಾಗಿ ಹಿಡಿಯುವುದನ್ನು ಬಿಟ್ಟು, ಶಿಕ್ಷಣ ಮತ್ತು ಆರೋಗ್ಯದ ವೆಚ್ಚಗಳನ್ನೂ ಲೆಕ್ಕಕ್ಕೆ ಸೇರಿಸಿತು. ಆ ಕ್ರಮದಂತೆ 2011-12ರ ಬೆಲೆಗಳಲ್ಲಿ ಹಳ್ಳಿಯವನಿಗೆ ತಿಂಗಳಿಗೆ 816 ರೂಪಾಯಿ, ಪಟ್ಟಣದವನಿಗೆ 1,000 ರೂಪಾಯಿ ಗೆರೆಯಾಯಿತು. ದೇಶದ ನೂರಕ್ಕೆ 21.9 ಮಂದಿ ಅದರ ಕೆಳಗಿದ್ದರು. 816 ರೂಪಾಯಿಯನ್ನು ಮೂವತ್ತರಿಂದ ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು 27 ರೂಪಾಯಿ. ಇಷ್ಟರಲ್ಲಿ ಮನುಷ್ಯ ಬಾಳುವುದೆಂತು ಎಂದು ಆಗ ದೊಡ್ಡ ವಾದವೇ ನಡೆಯಿತು. ಅದು ಬರಿಯ ಪಂಡಿತರ ಜಗಳವಾಗಿರಲಿಲ್ಲ. ಗೆರೆಯನ್ನು ಒಂದೆರಡು ರೂಪಾಯಿ ಮೇಲಕ್ಕೆ ಸರಿಸಿದರೆ ಲಕ್ಷಾಂತರ ಮಂದಿ ಬಡವರ ಪಟ್ಟಿಗೆ ಸೇರುತ್ತಾರೆ; ಕೆಳಕ್ಕೆ ಸರಿಸಿದರೆ ಹೊರಗೆ ಉಳಿಯುತ್ತಾರೆ.

ದೇಶದೇಶಗಳನ್ನು ಹೋಲಿಸಲು ವಿಶ್ವ ಬ್ಯಾಂಕು ಬೇರೊಂದು ಗೆರೆಯನ್ನು ಬಳಸುತ್ತದೆ. 2025ರ ಜೂನಿನಿಂದ ಅದು ದಿನಕ್ಕೆ 3 ಡಾಲರು. ಇದು ಪೇಟೆಯಲ್ಲಿ ವಿನಿಮಯವಾಗುವ ಡಾಲರಲ್ಲ. ಆಯಾ ದೇಶದಲ್ಲಿ ಹಣಕ್ಕಿರುವ ಕೊಳ್ಳುವ ಶಕ್ತಿಗೆ ಹೊಂದಿಸಿದ ಡಾಲರೆಂಬುದನ್ನು ನಾವು ಮರೆಯಬಾರದು.

ಆದರೆ ಗೆರೆಯೆಂಬುದು ಜ್ವರಮಾಪಕವಿದ್ದಂತೆ. ಮೈ ಎಷ್ಟು ಸುಡುತ್ತಿದೆಯೆಂದು ಹೇಳೀತೇ ಹೊರತು ರೋಗವಾವುದೆಂದು ಹೇಳಲಾರದು. ರೋಗವಾವುದೆಂದು ಕೇಳಿದರೆ ಹಲವರು ಥಟ್ಟನೆ ಕೊಡುವ ಉತ್ತರ ಸೋಮಾರಿತನ. ಕೈ ಕೆಸರಾದರೆ ಬಾಯಿ ಮೊಸರೆಂದು ನಮ್ಮ ಗಾದೆಯೂ ಹೇಳುತ್ತದೆ. ಆದರೆ ಗದ್ದೆಯ ಕೂಲಿಯವಳ ಕೈ ಬೆಳಗಿನಿಂದ ಬೈಗಿನವರೆಗೆ ಕೆಸರಿನಲ್ಲಿಯೇ ಇದ್ದರೂ ಮೊಸರು ಅವಳ ಮನೆಯನ್ನು ಸೇರದು. ನಾಟಿಯೂ ಕೊಯ್ಲೂ ಮುಗಿದ ಮೇಲೆ ಅವಳು ಸುಮ್ಮನೆ ಕುಳಿತಿದ್ದರೆ, ಅದು ಕೆಲಸವಿಲ್ಲದ್ದರಿಂದ, ಮನಸ್ಸಿಲ್ಲದ್ದರಿಂದಲ್ಲ.

ನವರೋಜಿಯವರು ತೋರಿಸಿದ ಕಾರಣ ಇನ್ನೊಂದು: ದೇಶದ ಸಂಪತ್ತು ಪ್ರತಿಫಲವಿಲ್ಲದೆ ವರ್ಷ ವರ್ಷವೂ ಇಂಗ್ಲೆಂಡಿಗೆ ಹರಿದು ಹೋಗುತ್ತಿತ್ತು. ಪರರ ಆಳ್ವಿಕೆಗೆ ಸಿಕ್ಕಿದ್ದ ಅನೇಕ ದೇಶಗಳು ಬರಿಗೈಯಿಂದ ಸ್ವಾತಂತ್ರ್ಯಕ್ಕೆ ಕಾಲಿಡಬೇಕಾಯಿತೆಂಬುದಕ್ಕೆ ಇದರಲ್ಲಿ ವಿವರಣೆಯುಂಟು. ಆದರೆ ಆ ಹರಿವು ನಿಂತ ಮೇಲೆಯೂ ಬಡತನ ಉಳಿದುದೇಕೆ?

ಎಸ್ಟೋನಿಯಾದಲ್ಲಿ ಹುಟ್ಟಿದ ರಾಗ್ನರ್ ನರ್ಕ್ಸೆ ಎಂಬ ಅರ್ಥಶಾಸ್ತ್ರಜ್ಞರು 1953ರ ತಮ್ಮ ಗ್ರಂಥದಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಆದಾಯ ಕಡಿಮೆಯಾದ್ದರಿಂದ ಉಳಿತಾಯವಿಲ್ಲ, ಉಳಿತಾಯವಿಲ್ಲದ್ದರಿಂದ ಬಂಡವಾಳವಿಲ್ಲ, ಬಂಡವಾಳವಿಲ್ಲದ್ದರಿಂದ ದುಡಿಮೆಯ ಫಲ ಅಲ್ಪ, ಫಲ ಅಲ್ಪವಾದ್ದರಿಂದ ಮತ್ತೆ ಆದಾಯ ಕಡಿಮೆ. ಇದೊಂದು ವಿಷವರ್ತುಲ. ಇಲ್ಲಿ ಬಡತನದ ಪರಿಣಾಮವೇ ಅದರ ಕಾರಣವೂ ಆಗುತ್ತದೆ. ಇದಕ್ಕೆ ಪೀಟರ್ ಬವರ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞರ ಆಕ್ಷೇಪವೂ ಚೂಪಾಗಿಯೇ ಇತ್ತು: ಇಂದಿನ ಶ್ರೀಮಂತ ದೇಶಗಳೆಲ್ಲ ಒಂದು ಕಾಲಕ್ಕೆ ಬಡವಾಗಿದ್ದವು, ವರ್ತುಲ ನಿಜವಾಗಿದ್ದರೆ ಅವು ಹೊರಬಂದುದು ಹೇಗೆ?

ಈ ವಾದ ಬಹುಕಾಲ ಬಾಯಿಮಾತಿನಲ್ಲಿಯೇ ನಡೆಯಿತು. ಇದನ್ನು ಪರೀಕ್ಷಿಸಲು ಸಾಧ್ಯವೆ? ನಾವು ಹೀಗೆ ಯೋಚಿಸಬಹುದು. ಹೊಳೆಯ ಸುಳಿಗೆ ಒಂದು ಅಂಚಿರುತ್ತದೆ. ಅಂಚಿನ ಆಚೆಗಿರುವವನು ಈಜಿ ದಡ ಸೇರುತ್ತಾನೆ. ಈಚೆಗಿರುವವನು ಎಷ್ಟು ಕೈ ಬಡಿದರೂ ಒಳಕ್ಕೇ ಸೆಳೆಯಲ್ಪಡುತ್ತಾನೆ. ಬಡತನವೂ ಸುಳಿಯಾಗಿದ್ದರೆ ಅದಕ್ಕೂ ಅಂತಹದೊಂದು ಅಂಚು ಇರಲೇಬೇಕು. ಅದು ಬರಿಯ ಆಲಸ್ಯವಾಗಿದ್ದರೆ ಅಂಚು ಕಾಣಿಸಬೇಕಾದ ಕಾರಣವಿಲ್ಲ.

ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸಂಸ್ಥೆಯು ಹಳ್ಳಿಗಳ ಕಡುಬಡ ಹೆಂಗಸರಿಗೆ ಬದುಕಿನ ಸಾಧನವೊಂದನ್ನು, ಬಹುಮಟ್ಟಿಗೆ ಒಂದು ಹಸುವನ್ನು, ಕೊಡುವ ಕಾರ್ಯಕ್ರಮವನ್ನು 2002ರಲ್ಲಿ ಆರಂಭಿಸಿತು. ಸಾಕಣೆಯ ತರಬೇತಿಯೂ ಜೊತೆಗಿತ್ತು. ಈ ಹೆಂಗಸರು ಅದುವರೆಗೆ ಕೂಲಿಯಿಂದಲೂ ಇತರರ ಮನೆಗೆಲಸದಿಂದಲೂ ಜೀವಿಸುತ್ತಿದ್ದವರು. ಹೈನುಗಾರಿಕೆಯಲ್ಲಿ ಗಂಟೆಗೆ ಹೆಚ್ಚು ಸಂಪಾದನೆಯುಂಟೆಂಬುದು ಅವರಿಗೂ ಗೊತ್ತಿತ್ತು. ಹಸು ಕೊಳ್ಳಲು ಹಣವಿರಲಿಲ್ಲ. ಸಂಶೋಧಕರು 2007ರಿಂದ ಇಂತಹ ಸುಮಾರು 6,000 ಸಂಸಾರಗಳನ್ನು ವರ್ಷಗಟ್ಟಲೆ ಗಮನಿಸಿ, 2022ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲರಿಗೂ ದೊರೆತ ನೆರವು ಹೆಚ್ಚು ಕಡಿಮೆ ಒಂದೇ. ಆದರೆ ಅದಕ್ಕೆ ಮೊದಲು ಅವರಲ್ಲಿದ್ದುದು ಒಂದೇ ಆಗಿರಲಿಲ್ಲ. ಒಬ್ಬಳ ಬಳಿ ಒಂದೆರಡು ಆಡುಗಳೋ ಸಣ್ಣಪುಟ್ಟ ಉಪಕರಣಗಳೋ ಇದ್ದರೆ, ಇನ್ನೊಬ್ಬಳ ಬಳಿ ಏನೂ ಇರಲಿಲ್ಲ.

ನಾಲ್ಕು ವರ್ಷಗಳ ಬಳಿಕ ನೋಡಿದಾಗ ಅಂಚು ಕಾಣಿಸಿತು. ಹಸುವೂ ಹಿಂದಿನ ಸ್ವಲ್ಪ ಆಸ್ತಿಯೂ ಸೇರಿ ಒಂದು ಮಟ್ಟವನ್ನು ದಾಟಿದವರ ಆಸ್ತಿ ಬೆಳೆಯುತ್ತ ಹೋಗಿತ್ತು. ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಸಂಸಾರಗಳು ಇಂಥವು. ಮಟ್ಟಕ್ಕೆ ಸ್ವಲ್ಪವೇ ಕೆಳಗೆ ಉಳಿದವರ ಆಸ್ತಿ ಕರಗುತ್ತ ಬಂದು, ಅವರು ಹಿಂದಿನ ಸ್ಥಿತಿಯ ಕಡೆಗೇ ಜಾರಿದ್ದರು. ಹಸುವೊಂದಿದ್ದರೆ ಸಾಲದಷ್ಟೆ, ಮೇವು ತರಬೇಕು, ಕೊಟ್ಟಿಗೆ ಬೇಕು, ಹಾಲು ಮಾರಬೇಕು. ಆ ಎರಡನೆಯ ಗುಂಪಿನವರ ಬುದ್ಧಿಯಾಗಲಿ ದುಡಿಮೆಯಾಗಲಿ ಕಡಿಮೆಯಾಗಿತ್ತೆ? ಲೆಕ್ಕವು ಹಾಗೆ ಹೇಳುವುದಿಲ್ಲ. ಅವರಲ್ಲಿ ಬಹುಮಂದಿಗೆ ಸಾಕಷ್ಟು ಸಾಧನವಿದ್ದಿದ್ದರೆ ಮೊದಲನೆಯವರಂತೆಯೇ ನಡೆಸಬಲ್ಲ ಸಾಮರ್ಥ್ಯವಿತ್ತೆಂದು ಸಂಶೋಧಕರು ಕಂಡುಕೊಂಡರು.

ಬವರ್ ಅವರ ಆಕ್ಷೇಪಕ್ಕೂ ಇಲ್ಲಿ ಉತ್ತರದ ಒಂದು ಭಾಗ ದೊರೆಯುತ್ತದೆ. ಸುಳಿಯುಂಟು, ಆದರೆ ಅಂಚನ್ನು ದಾಟಿದವರನ್ನು ಅದು ಹಿಡಿದಿಡಲಾರದು. ದಕ್ಷಿಣ ಕೊರಿಯಾವು 1949-50ರ ಕಾನೂನುಗಳಿಂದ ಗೇಣಿದಾರರಿಗೆ ಭೂಮಿಯನ್ನು ಹಂಚಿತು, ಶಾಲೆಗಳನ್ನು ಹರಡಿತು, ಬಳಿಕ ಕೈಗಾರಿಕೆಗೆ ಕೈ ಹಾಕಿತು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಸಲ್ಲಬೇಕೆಂಬ ಚರ್ಚೆ ಮುಗಿದಿಲ್ಲ. ಒಂದು ಸಂಸಾರದ ಲೆಕ್ಕವನ್ನು ಇಡೀ ದೇಶಕ್ಕೆ ಹಾಗೆಯೇ ಅನ್ವಯಿಸಲಾಗದೆಂಬುದೂ ನಿಜವೆ.

ನೆರವಿನ ವಿಷಯದಲ್ಲಿ ಮಾತ್ರ ಬಾಂಗ್ಲಾದೇಶದ ಲೆಕ್ಕ ನೇರವಾಗಿದೆ. ನಮ್ಮ ಸರ್ಕಾರಗಳು ಸಾಮಾನ್ಯವಾಗಿ ಇರುವ ಹಣವನ್ನು ಬಹುಮಂದಿಗೆ ಸ್ವಲ್ಪಸ್ವಲ್ಪ ಹಂಚುತ್ತವೆ. ಆ ಸ್ವಲ್ಪವು ಅಂದಿನ ಹಸಿವನ್ನು ತಣಿಸೀತು. ಅಷ್ಟಕ್ಕೇ ಅದು ಬೇಕು ಕೂಡ. ಅಂಚನ್ನು ದಾಟಿಸುವಷ್ಟಿಲ್ಲದಿದ್ದರೆ ಅದು ಮುಂದಿನ ವರ್ಷ ಮತ್ತೆ ಬೇಕಾಗುತ್ತದೆ, ಅದರ ಮುಂದಿನ ವರ್ಷವೂ ಬೇಕಾಗುತ್ತದೆ. ಆ ಹಳ್ಳಿಗಳ ಬಡವರೆಲ್ಲರನ್ನೂ ಒಮ್ಮೆಗೇ ಅಂಚು ದಾಟಿಸಲು ತಗಲುವ ವೆಚ್ಚವು, ಅವರು ಕೂಲಿಯಲ್ಲಿಯೇ ಉಳಿಯುವುದರಿಂದ ಆಗುವ ನಷ್ಟಕ್ಕಿಂತ ಎಷ್ಟೋ ಕಡಿಮೆಯೆಂದು ಅದೇ ಸಂಶೋಧಕರು ಗಣಿಸಿದ್ದಾರೆ.